ಥರ್ಮಾಸ್ ಖಾಲಿಯಾಗುವ ತನಕ

ಜನವರಿ 11. ವಿಲ್ಯಸೋನ್, ಬೊಲಿವಿಯಾ. ಬೆಳಿಗ್ಗೆ

ಮತ್ತೆ ಕುದ್ದ ನೀರು. ಕುದಿ ಬರುವ ಮುಂಚೆ ಇಳಿಸಮ್ಮ ಎಂದು ಲಾಡ್ಜಿನವಳಿಗೆ ಎರಡು ಸಲ ಹೇಳಿದ್ದೆ. ತಲೆಯಾಡಿಸಿದಳು. ಆಮೇಲೆ ಕೊತಕೊತ ಕುದಿಸಿ ಥರ್ಮಾಸಿಗೆ ಸುರಿದಳು. ಮಾಟೆ ಚಹಾದ ಸೊಪ್ಪು ಸುಟ್ಟು ಹೋಗುತ್ತದೆ. ಗಡಿ ದಾಟಿ ಇನ್ನೂ ಒಂದು ದಿನವಾಗಿಲ್ಲ, ಆಗಲೇ ನಮ್ಮ ಮಾಟೆಗೆ ಮರ್ಯಾದೆ ಇಲ್ಲ.

"ಇಷ್ಟು ಎತ್ತರದಲ್ಲಿ ಕುದ್ರೂ ಅಷ್ಟು ಸುಡಲ್ಲ ಕಣೇ. ಸುಮ್ನೆ ಹಾಕ್ಕೊಡು," ಎಂದಳು ಜುಲೇಮಾ.

ಕಂಬಳಿ ಹೊದ್ದು ಮಂಚದ ಮೇಲೆ ಕೂತಿದ್ದಾಳೆ. ಒಂದು ಕೈ ಮಾತ್ರ ಹೊರಗೆ. ಕೈ ಚಾಚುವುದಷ್ಟೇ ಅವಳ ಕೆಲಸ. ಸೋರೆಬುರುಡೆಗೆ ಸೊಪ್ಪಿನ ಪುಡಿ ತುಂಬುವುದು, ಲೋಹದ ಕೊಳವೆ ಸಿಕ್ಕಿಸುವುದು, ಬಿಸಿನೀರು ಹಾಕಿ ಹಾಕಿ ಕೊಡುವುದು ನನ್ನ ಕೆಲಸ. ಹಾಕಿಕೊಡುವ ಕೈ ನಡುವೆ ಬದಲಾಗಬಾರದು, ಅದು ಪದ್ಧತಿ. ನಮ್ಮ ಗೆಳೆತನದಲ್ಲಿ ಅದು ನಲವತ್ತು ವರ್ಷದಿಂದ ಬದಲಾಗಿಲ್ಲ.

ನಿನ್ನೆ ಸೇತುವೆ ದಾಟಿ ಬಂದೆವು. ಪಾಸ್‌ಪೋರ್ಟು ನೋಡಿದವನು ನಮ್ಮ ಬೆನ್ನು ನೋಡಿ ನಕ್ಕ.

"ಈ ವಯಸ್ಸಲ್ಲಿ ಇಷ್ಟು ದೊಡ್ಡ ಬ್ಯಾಗಾ? ಮಕ್ಳು ಬೈಯಲ್ವಾ ಅಮ್ಮ?"

"ಬೈತಾರೆ. ಅದಕ್ಕೇ ಫೋನ್ ಆಫ್ ಮಾಡಿದೀನಿ," ಎಂದಳು ಜುಲೇಮಾ.

ಬೈಯುವುದು ಅವಳ ಮಗಳು. ನನಗೆ ಬೈಯುವವರು ಯಾರೂ ಇಲ್ಲ. ಅವಳ ಮಗಳು ನೊಯೇಲಿಯಾ ಇರುವುದು ಸ್ಪೇನಿನಲ್ಲಿ. ಮಾರ್ಚಿಗೆ ಎರಡನೆಯ ಹೆರಿಗೆ. ಅಮ್ಮ ಬರಲಿ ಎನ್ನುತ್ತಾಳೆ. ಬಾಣಂತನಕ್ಕೆ ಮಾತ್ರ ಅಲ್ಲ, ಪೂರ್ತಿಯಾಗಿ. ನಮ್ಮೂರು ಟುಕುಮಾನಿನ ಸಲೂನು ಮಾರಿ, ಮನೆ ಬಿಟ್ಟು... ಸೇತುವೆಯ ನಟ್ಟನಡುವೆ ನಿಂತು ಜುಲೇಮಾ ಹೇಳಿದಳು:

"ನೋಡು ನಿಲ್ಡಾ. ಸರೋವರ ಸಿಗೋ ತನಕ ಆ ಮಾತು ಎತ್ಬೇಡ. ನಾನೂ ಎತ್ತಲ್ಲ. ದಂಡೆ ಮೇಲೆ ಕೂತ್ಕೊಂಡು ಹೇಳ್ತೀನಿ, ಹೋಗ್ತೀನೋ ಇಲ್ವೋ ಅಂತ."

ಸರಿ ಎಂದೆ. ತಿತಿಕಾಕಾ ಸರೋವರ. 1984ರಲ್ಲಿ ಹೊರಟು, ಮುಟ್ಟದೆ ವಾಪಸಾದೆವು. ಆಮೇಲೆ ಪರಾಗ್ವೆ ಆಯಿತು, ಚಿಲಿ ಆಯಿತು, ಉರುಗ್ವೆ ಎರಡು ಸಲ ಆಯಿತು. ಅದೊಂದು ಆಗಲಿಲ್ಲ. ಪ್ರತಿ ಸಲವೂ ಏನೋ ಅಡ್ಡ ಬರುತ್ತಿತ್ತು. ಪ್ರತಿ ಸಲವೂ ಅವಳು ಅದೇ ಮಾತು ಹೇಳುತ್ತಿದ್ದಳು: ಬಿಡೇ, ಸರೋವರ ಎಲ್ಲಿಗೆ ಹೋಗುತ್ತೆ?

ನನ್ನ ಲೆಕ್ಕ ಬೇರೆ. ಸರೋವರ ತಡವಾಗಿ ಬಂದಷ್ಟೂ ಒಳ್ಳೆಯದು.

ಜನವರಿ 13. ಟುಪೀಸಾ

ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪಾಗುವುದಿಲ್ಲ. ಲಾಡ್ಜಿನ ಯಜಮಾನ, ಅವನ ಹೆಂಡತಿ, ಹೆಂಡತಿಯ ತಾಯಿ — ಮೂವರನ್ನೂ ಅಂಗಳದಲ್ಲಿ ಕೂರಿಸಿ ಕೂದಲು ಕತ್ತರಿಸಿದಳು ಜುಲೇಮಾ. ನಮ್ಮ ಮಂಚಗಳಿಗೆ ಬಾಡಿಗೆ ಇಲ್ಲ. ಮುದುಕಿ ಕನ್ನಡಿ ನೋಡಿಕೊಂಡು, ಇನ್ನೊಂದು ಮದುವೆ ಮಾಡ್ಕೊಳ್ಳಬಹುದು ನಾನು, ಎಂದಳು. ಅಳಿಯನಿಗೆ ನಗು ಬರಲಿಲ್ಲ.

ಇದೇ ಊರು. 1984ರಲ್ಲಿ ಸ್ಟೇಷನ್ ಮಾಸ್ಟರ್ ಮನೆಯವರಿಗೆಲ್ಲ ಕೂದಲು ಕತ್ತರಿಸಿ ಗೋದಾಮಿನಲ್ಲಿ ಮಲಗಲು ಜಾಗ ಗಿಟ್ಟಿಸಿದ್ದಳು. ಇಪ್ಪತ್ತು ದಾಟಿದ ಹುಡುಗಿಯರು ನಾವು. ನಮ್ಮ ದೇಶದಲ್ಲಿ ಸೈನ್ಯದ ಆಳ್ವಿಕೆ ಮುಗಿದು ತಿಂಗಳೂ ಆಗಿರಲಿಲ್ಲ. ದೊಡ್ಡಿಯ ಬಾಗಿಲು ತೆರೆದ ಹಾಗೆ ಹರೆಯದವರೆಲ್ಲ ಬ್ಯಾಗು ಹೊತ್ತು ಉತ್ತರಕ್ಕೆ ಹೊರಟಿದ್ದರು. ರೈಲಿನ ಎರಡನೇ ದರ್ಜೆ. ಸೀಟಿನ ಕೆಳಗೆ ನಾವು, ಸೀಟಿನ ಮೇಲೆ ಯಾರದೋ ಕೋಳಿಗಳು. ಕಿಟಕಿಯಾಚೆ ಇದೇ ಕೆಂಪು ಬೆಟ್ಟ. ಕೈಯಲ್ಲಿ ಕಾಸಿರಲಿಲ್ಲ, ಮುಖದಲ್ಲಿ ಭಯವಿರಲಿಲ್ಲ. ಆ ಹುಡುಗಿಯರು ಎದುರಿಗೆ ಸಿಕ್ಕರೆ ಕಪಾಳಕ್ಕೊಂದು ಕೊಟ್ಟು, ಆಮೇಲೆ ಅಪ್ಪಿಕೊಳ್ಳುತ್ತೇನೆ.

ಸಂಜೆ ಸ್ಟೇಷನ್ನಿಗೆ ಹೋದೆವು. ರೈಲಿಲ್ಲ. ಬೆಂಚು ಇದೆ. ಕೂತೆವು.

"ಬೆಂಚು ಚಿಕ್ಕದು ಮಾಡಿದಾರೆ," ಎಂದೆ.

"ಬೆಂಚು ಅಷ್ಟೇ ಇದೆ ಕಡ್ಡಿ. ನೀನು ದೊಡ್ಡದಾಗಿದೀಯ."

ಕಡ್ಡಿ ಎಂದು ನನ್ನನ್ನು ಕರೆಯುವವಳು ಈಗ ಭೂಮಿಯ ಮೇಲೆ ಇವಳೊಬ್ಬಳೇ.

ಜನವರಿ 16. ಊಯೂನಿ. ಸಂಜೆ

ಲಾರಿಯಲ್ಲಿ ಬಂದೆವು. ಸೊಂಟ ಹೋಯಿತು. ಆದರೂ ಇವತ್ತು ನಕ್ಕಷ್ಟು ಈಚೆಗೆ ನಕ್ಕಿರಲಿಲ್ಲ.

ಡ್ರೈವರ್ ಯೂಸೇಬಿಯೋ. ಹಿಂದೆ ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ದುಡಿದವನು, ಹಾಗಾಗಿ ಮಾಟೆ ಗೊತ್ತು. ಲಾರಿ ಹತ್ತಿದವರ ಧರ್ಮ ಒಂದೇ. ಡ್ರೈವರ್ ಪಕ್ಕ ಕೂತವರು ನಿದ್ದೆ ಮಾಡಬಾರದು, ಮಾಟೆ ಹಾಕಿಕೊಡುತ್ತ ಅವನನ್ನೂ ಎಚ್ಚರ ಇಟ್ಟಿರಬೇಕು. ನಾನು ಅವನ ಪಕ್ಕ. ನನ್ನ ಪಕ್ಕ ಜುಲೇಮಾ. ಬಾಗಿಲ ಕಡೆ ದಾರಿಯಲ್ಲಿ ಹತ್ತಿಸಿಕೊಂಡ ಹಾಲೆಂಡಿನವನೊಬ್ಬ, ಹೆಸರು ಯೋರಿಸ್. ಒಂಟಿಯಾಗಿ ಸುತ್ತುತ್ತಿದ್ದಾನೆ. ತೆಂಗಿನ ಮರದಷ್ಟು ಉದ್ದ. ಮಂಡಿ ಕಿವಿಗೆ ತಾಗುತ್ತಿತ್ತು.

ಬುರುಡೆ ಒಂದೇ, ಕೊಳವೆ ಒಂದೇ, ಸರದಿ ಪ್ರಕಾರ ಎಲ್ಲರಿಗೂ. ಯೋರಿಸ್ ಕುಡಿದ. ನಯವಾಗಿ ಥ್ಯಾಂಕ್ಸ್ ಎಂದ. ಬುರುಡೆ ತೆಗೆದುಕೊಂಡೆ. ಮುಂದಿನ ಸುತ್ತಿನಲ್ಲಿ ಅವನಿಗೆ ಕೊಡಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಬುರುಡೆ ಅವನ ಮೂಗಿನ ಮುಂದೆ ಹೋಗಿ ಬರುತ್ತಿತ್ತು. ಹಾಲು ಕರೆಯುವುದನ್ನು ಕಟ್ಟಿಹಾಕಿದ ಕರು ನೋಡುವ ಹಾಗೆ ನೋಡುತ್ತಿದ್ದ. ಅರ್ಧ ಮರುಭೂಮಿ ಹಾಗೇ ದಾಟಿದೆವು. ಕೊನೆಗೆ ಜುಲೇಮಾಳ ಕಿವಿಯಲ್ಲಿ ಮೆಲ್ಲಗೆ ಕೇಳಿದ:

"ಅಮ್ಮ, ನನ್ನಿಂದ ಏನಾದ್ರೂ ತಪ್ಪಾಯ್ತಾ? ಅವರಿಗೆ ನನ್ಮೇಲೆ ಕೋಪಾನಾ?"

ಯೂಸೇಬಿಯೋ ನಗು ತಡೆಯಲಾಗದೆ ಲಾರಿ ನಿಲ್ಲಿಸಿಬಿಟ್ಟ.

"ಅಯ್ಯೋ ಮಗನೇ," ಎಂದಳು ಜುಲೇಮಾ. "ನೀನೇ ಥ್ಯಾಂಕ್ಸ್ ಅಂದ್ಯಲ್ಲ. ಮಾಟೆ ಕುಡಿಯೋವಾಗ ಥ್ಯಾಂಕ್ಸ್ ಅಂದ್ರೆ ನಂಗೆ ಸಾಕು, ಇನ್ನು ಬೇಡ ಅಂತ. ಬೇಕು ಅಂದ್ರೆ ಬಾಯಿ ಮುಚ್ಕೊಂಡು ಬುರುಡೆ ವಾಪಸ್ ಕೊಡು. ತಾನಾಗೇ ಬರುತ್ತೆ."

"ಹಾಗಾದ್ರೆ ನೀವು ಯಾವಾಗ ಹೇಳ್ತೀರಿ?"

"ನಾನಾ? ಈ ಕಡ್ಡಿಗಾ? ಒಂದಿನಾನೂ ಹೇಳಿಲ್ಲ. ಥರ್ಮಾಸ್ ಖಾಲಿ ಆಗೋ ತನಕ ಕುಡಿಯೋಳು ನಾನು. ಇವಳಿಗೆ ನಾನು ಥ್ಯಾಂಕ್ಸ್ ಅಂದ ದಿನ, ಹೊರೋದಕ್ಕೆ ನಾಲ್ಕು ಜನರನ್ನ ಕರೀರಿ."

ನಿಜ. ಹೇಳಿಲ್ಲ. ಇಷ್ಟು ವರ್ಷ ನಾನದನ್ನು ಗಮನಿಸಿಯೇ ಇರಲಿಲ್ಲ. ಈಗ ಬರೆಯುವಾಗ ಒಂಥರಾ ಖುಷಿ.

ಜನವರಿ 20. ಪೊಟೊಸಿ

ಉಸಿರು ಸಿಗುವುದಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಕುಟ್ಟಣಿ. ಜುಲೇಮಾಗೆ ತಲೆನೋವು, ಕೋಕಾ ಎಲೆಯ ಕಷಾಯ ಕುಡಿದು ಮಲಗಿದ್ದಾಳೆ.

ಊಯೂನಿಯಿಂದ ನೇರ ಉತ್ತರಕ್ಕೆ ಬಸ್ಸಿತ್ತು. ಹತ್ತಿದ್ದರೆ ಇಷ್ಟರಲ್ಲಿ ಸರೋವರದ ಹತ್ತಿರ ಇರುತ್ತಿದ್ದೆವು. ಆ ಬಸ್ಸಿನ ಟೈರು ಸವೆದಿದೆ ಎಂದೆ. ಟುಕುಮಾನ್ ಬಸ್ ನಿಲ್ದಾಣದ ಕಿಂಡಿಯ ಹಿಂದೆ ಕೂತು ಆಯುಸ್ಸೆಲ್ಲ ಟಿಕೆಟ್ ಹರಿದು ಕೊಟ್ಟವಳು ನಾನು. ಊರಿನವರೆಲ್ಲ ನನ್ನ ಟಿಕೆಟಿನಲ್ಲಿ ಎಲ್ಲೆಲ್ಲಿಗೋ ಹೋದರು, ನಾನು ಕಿಂಡಿಯಲ್ಲೇ ಇದ್ದೆ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಜುಲೇಮಾ ಬಂದು ಗಾಜು ತಟ್ಟುತ್ತಿದ್ದಳು, ಏ ಕಡ್ಡಿ, ನಡಿ. ಆಗ ಮಾತ್ರ ಕಿಂಡಿ ಮುಚ್ಚುತ್ತಿದ್ದೆ. ಹಾಗಾಗಿ ಬಸ್ಸಿನ ವಿಷಯದಲ್ಲಿ ನನ್ನ ಮಾತೇ ಕೊನೆ, ಅವಳು ಎದುರಾಡುವುದಿಲ್ಲ. ಇವತ್ತು ಆಡಿದಳು.

"ಉತ್ತರಕ್ಕೆ ಹೋಗ್ಬೇಕಾದೋರು ಪೂರ್ವಕ್ಕೆ ಯಾಕೆ ಬಂದ್ವಿ?"

"ರಸ್ತೆ ಚೆನ್ನಾಗಿದೆ."

"ಇಲ್ಲಿಂದ ಮುಂದಕ್ಕೆ?"

"ಸೂಕ್ರೆ. ಅಲ್ಲಿ ಎತ್ತರ ಕಮ್ಮಿ. ನಿನ್ನ ತಲೆನೋವಿಗೆ ಒಳ್ಳೇದು."

"ಹೌದೌದು. ಆಮೇಲೆ ರಸ್ತೆ ಚೆನ್ನಾಗಿದೆ ಅಂತ ಬ್ರೆಜಿಲ್‌ಗೂ ಕರ್ಕೊಂಡು ಹೋಗು."

ಮಗ್ಗುಲು ಬದಲಿಸಿದಳು. ಗೊತ್ತಾಗಿದೆ ಅವಳಿಗೆ. ಆದರೂ ಬೇಡ ಎನ್ನಲಿಲ್ಲ. ಯಾಕೆ ಅನ್ನಲಿಲ್ಲ...

ಸೊಪ್ಪಿನ ಪೊಟ್ಟಣ ಇಳಿಯುತ್ತಿದೆ. ಈ ಕಡೆ ಸಿಗುವುದು ಕಷ್ಟ. ಬ್ಯಾಗಿನ ತಳದಲ್ಲಿ ಇನ್ನೊಂದು ಪೊಟ್ಟಣ ಇದೆ, ಸ್ವೆಟರಿನಲ್ಲಿ ಸುತ್ತಿಟ್ಟಿದ್ದೇನೆ. ಅವಳಿಗೆ ಹೇಳಿಲ್ಲ. ಸರೋವರ ಬಂದ ಮೇಲೂ ಒಂದು ಪೊಟ್ಟಣ ಉಳಿದಿದ್ದರೆ, ಇದು ಮುಗಿಯುವ ತನಕ ಮುಂದಕ್ಕೆ ಹೋಗೋಣ ಎನ್ನಬಹುದಲ್ಲ. ಪೆರುವಿಗೆ, ಕುಸ್ಕೋಗೆ. 1984ರ ಪ್ಲಾನು ಕುಸ್ಕೋ ತನಕ ಇತ್ತು.

ಜನವರಿ 27. ಒರೂರೋ ರಸ್ತೆ. ಬಸ್ಸಿನಲ್ಲಿ

ರಸ್ತೆ ಬಂದ್. ದಾರಿಗೆ ಅಡ್ಡಲಾಗಿ ಕಲ್ಲು, ಟೈರು, ಟೈರುಗಳ ಮೇಲೆ ಕೂತ ಹೆಂಗಸರು. ನೀರಿನ ವಿಷಯಕ್ಕೆ ಜಗಳವಂತೆ. ಸರ್ಕಾರದವರು ಬಂದು ಮಾತಾಡುವ ತನಕ ಬಿಡುವುದಿಲ್ಲವಂತೆ. ಬಸ್ಸುಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ. ಬೇರೆಯವರು ಬೈಯುತ್ತಿದ್ದಾರೆ. ನಾನು ಒಳಗೊಳಗೇ ಆ ಹೆಂಗಸರಿಗೆ ಒಳ್ಳೆಯದಾಗಲಿ ಎಂದೆ, ಮಾತುಕತೆ ಆದಷ್ಟು ನಿಧಾನವಾಗಲಿ ಎಂದೂ.

ಎಂಥ ಜಾಗದಲ್ಲಿ ನಿಂತಿದೆ ಬಸ್ಸು! 1984ರಲ್ಲಿ ನಾವು ಹಿಂದಿರುಗಿದ್ದು ಇಲ್ಲಿಂದಲೇ. ದೇಶಕ್ಕೆ ದೇಶವೇ ಮುಷ್ಕರ ಹೂಡಿತ್ತು. ರೈಲಿಲ್ಲ, ಬಸ್ಸಿಲ್ಲ, ಅಂಗಡಿ ಇಲ್ಲ. ಗಣಿ ಕೆಲಸದವರ ಶಾಲೆಯೊಂದರ ನೆಲದ ಮೇಲೆ ಮಲಗಿದ್ದೆವು. ಜುಲೇಮಾಗೆ ಜ್ವರ. ಒಬ್ಬ ಹೆಂಗಸು ದಿನಾ ಬೇಯಿಸಿದ ಆಲೂಗಡ್ಡೆ ತಂದು ಕೊಡುತ್ತಿದ್ದಳು, ಹೆಸರು ಕೇಳಲಿಲ್ಲ ನಾವು. ಎಷ್ಟು ಸಲ ನೆನಪಿಸಿಕೊಂಡಿದ್ದೇವೆ ಅವಳನ್ನು, ಆಲೂಗಡ್ಡೆ ಅಮ್ಮ ಎಂದೇ. ಕೊನೆಗೆ ದಕ್ಷಿಣಕ್ಕೆ ಹೋಗುವ ಲಾರಿ ಸಿಕ್ಕಿತು. ಹತ್ತದೆ ಬೇರೆ ದಾರಿ ಇರಲಿಲ್ಲ. ನಾನು ಅಳುತ್ತಿದ್ದೆ. ಹಲ್ಲು ಕಟಕಟ ಎನ್ನುತ್ತಿದ್ದರೂ ಅವಳೇ ನನಗೆ ಸಮಾಧಾನ ಹೇಳಿದಳು: ಬಿಡೇ, ಸರೋವರ ಎಲ್ಲಿಗೆ ಹೋಗುತ್ತೆ?

ಅದೇ ಮೊದಲ ಸಲ ಅವಳು ಆ ಮಾತು ಹೇಳಿದ್ದು.

ಹಿಂದಿನ ಬಸ್ಸಿನಿಂದ ಯೋರಿಸ್ ಇಳಿದು ಬಂದ! ಮೂಗು ಸುಲಿದುಹೋಗಿದೆ ಬಿಸಿಲಿಗೆ. ಕುಡಿದು ಬುರುಡೆ ವಾಪಸ್ ಕೊಟ್ಟ. ಬಾಯಿ ಬಿಡಲಿಲ್ಲ. ಕೊಟ್ಟೆ. ಮತ್ತೆ ಬಾಯಿ ಬಿಡಲಿಲ್ಲ. ಕಲಿತುಬಿಟ್ಟಿದ್ದಾನೆ, ಪೀಡೆ. ಸೊಪ್ಪು ಕಡಿಮೆ ಇರುವ ಹೊತ್ತಿಗೆ.

ಜನವರಿ 28. ಅದೇ ರಸ್ತೆ. ರಾತ್ರಿ

ಫೋನಿಗೆ ಸಿಗ್ನಲ್ ಸಿಗುವುದು ದಿಬ್ಬದ ಮೇಲೆ ಮಾತ್ರ. ಜುಲೇಮಾ ಟೋಪಿ ಮರೆತು ಹತ್ತಿ ಹೋಗಿದ್ದಳು. ಸುಡುಬಿಸಿಲು. ಟೋಪಿ ತೆಗೆದುಕೊಂಡು ನಾನೂ ಏದುಸಿರು ಬಿಡುತ್ತ ಹತ್ತಿದೆ. ಅವಳು ಬೆನ್ನು ತಿರುಗಿಸಿ ಕೂತಿದ್ದಳು. ಫೋನಿನಲ್ಲಿ ಮೊಮ್ಮಗ, ವೀಡಿಯೋದಲ್ಲಿ.

"ಅದು ಕುರಿ ಅಲ್ಲ ಬಂಗಾರ, ಲಾಮಾ. ಕತ್ತು ನೋಡು ಎಷ್ಟುದ್ದ. ನಿಂಗೂ ಅಷ್ಟುದ್ದ ಕತ್ತಿದ್ರೆ? ಶರ್ಟ್ ಹಾಕೋರ್ಯಾರು? ಅಜ್ಜೀನಾ? ಅಜ್ಜಿ ಏಣಿ ಹಾಕ್ಕೊಂಡು ಗುಂಡಿ ಹಾಕ್ಬೇಕಾ?"

ಆ ಕಡೆಯಿಂದ ಮಗುವಿನ ನಗು. ಈ ಕಡೆ ಇವಳದ್ದೂ.

ಅವಳ ಎಲ್ಲ ದನಿಗಳೂ ನನಗೆ ಗೊತ್ತು ಎಂದುಕೊಂಡಿದ್ದೆ. ಜ್ವರದ ದನಿ, ಜಗಳದ ದನಿ, ಕುಡಿದಾಗಿನ ದನಿ, ಗಂಡ ಬಿಟ್ಟು ಹೋದಾಗಿನ ದನಿ. ಇದು ಗೊತ್ತಿರಲಿಲ್ಲ. ಟೋಪಿ ಕೊಡದೆ ಹಾಗೇ ಇಳಿದು ಬಂದೆ. ಹೊಟ್ಟೆಕಿಚ್ಚು. ಮೂರು ವರ್ಷದ ಮಗುವಿನ ಮೇಲೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಸಂಜೆ ಅವಳ ಮೂಗು ಕೆಂಪು. "ಟೋಪಿ ನೆನಪು ಮಾಡ್ಬಾರ್ದಿತ್ತಾ?" ಎಂದಳು. ನಾನೇನು ನಿನ್ನ ಆಳಾ ಎಂದೆ.

ಜನವರಿ 29

ರಸ್ತೆ ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಫೆಬ್ರವರಿ 4. ಟಿಕೀನಾ. ದೋಣಿ ಕಾಯುತ್ತ

ಲಾ ಪಾಜ್‌ನಲ್ಲಿ ಬರೆಯಲಿಲ್ಲ. ಕಾಲ ತಳ್ಳಿದೆ ಅಷ್ಟೇ. ಇವತ್ತು ಶೂ ಹೊಲಿಸಬೇಕು, ನಾಳೆ ಬಟ್ಟೆ ಒಣಗಿಲ್ಲ... ಕಾರಣಗಳು ಮುಗಿದವು. ಇವತ್ತು ಬಸ್ಸು ಹತ್ತಿದೆವು.

ಬೆಳಿಗ್ಗೆ ಕಿಟಕಿಯಾಚೆ ನೀಲಿಯ ಗೆರೆ ಕಂಡದ್ದೇ ತಡ, ಜುಲೇಮಾ ಶಾಲು ತೆಗೆದು ಕಣ್ಣಿಗೆ ಕಟ್ಟಿಕೊಂಡಳು.

"ಏನೇ ಇದು?"

"ಕಿಟಕಿಯಿಂದ ನೋಡಿದ್ರೆ ಲೆಕ್ಕಕ್ಕಿಲ್ಲ. ದಂಡೆ ಮೇಲೆ ಕೂತೇ ನೋಡೋದು. ಅಲ್ಲಿ ತನಕ ತೆಗೆಯಲ್ಲ."

ಇಲ್ಲಿ ಜಲಸಂಧಿ. ಬಸ್ಸನ್ನು ಚಪ್ಪಟೆ ತೆಪ್ಪದ ಮೇಲೆ ಹತ್ತಿಸುತ್ತಾರೆ, ಜನರನ್ನು ಬೇರೆ ದೋಣಿಯಲ್ಲಿ ಕಳಿಸುತ್ತಾರೆ. ಕೈ ಹಿಡಿದು ಇಳಿಸಿದೆ. ಮಗುವಿನ ಹಾಗೆ ಹೆಜ್ಜೆ ಎಣಿಸುತ್ತ ಬಂದಳು. ಟಿಕೆಟಿನ ಸಾಲಿನಲ್ಲಿದ್ದವನೊಬ್ಬ ಮರುಗಿ, ಕಣ್ಣಿನ ಆಪರೇಷನ್ನಾ ಪಾಪ, ಎಂದು ನಮಗೆ ಮುಂದೆ ಜಾಗ ಬಿಟ್ಟ. "ಹೌದಣ್ಣ, ದೇವರು ಒಳ್ಳೇದು ಮಾಡ್ಲಿ," ಎಂದಳು ಕಳ್ಳಿ.

"ನೀರು ಕಾಲಡಿಯಲ್ಲೇ ಇದೆ. ಇದೂ ದಂಡೆಯೇ," ಎಂದೆ.

"ಇದು ಬರೀ ದಾರಿ. ಕೊಪಕಬಾನಾ ತನಕ ಬಾಯಿ ಮುಚ್ಕೊಂಡು ನಡೆಸು."

ಆಗ ಹೊಳೆಯಿತು ನನಗೆ. ಬಸ್ಸುಗಳನ್ನು ತಪ್ಪಿಸುತ್ತ ಬಂದವಳು ನಾನೊಬ್ಬಳೇ ಅಲ್ಲ. ಪೊಟೊಸಿಗೆ ಬೇಡ ಎನ್ನದೆ ಬಂದದ್ದು, ಶೂ ಹೊಲಿಸುವಾಗ ಇಡೀ ದಿನ ಸುಮ್ಮನೆ ಕಾದದ್ದು, ಈಗ ಈ ಕಣ್ಣುಪಟ್ಟಿ. ಅವಳಿಗೂ ಸರೋವರ ಬರುವುದು ಬೇಡ. ಹಾಗಾದರೆ... ಇಲ್ಲ. ಆಸೆ ಪಡುವುದು ಬೇಡ. ಆದರೂ ಪಡುತ್ತಿದ್ದೇನೆ. ಅವಳ ಕೈ ಬೆಚ್ಚಗಿದೆ, ಬರೆಯುವ ಕೈ ಬಿಟ್ಟು ಇನ್ನೊಂದನ್ನು ಅವಳೇ ಹಿಡಿದುಕೊಂಡಿದ್ದಾಳೆ.

ಫೆಬ್ರವರಿ 5. ಕೊಪಕಬಾನಾ

ಮೊನ್ನೆ ಜಾತ್ರೆ ಮುಗಿದಿದೆ. ಬೀದಿಯಲ್ಲಿ ಬಾಡಿದ ಹೂವು, ಚೆಲ್ಲಿದ ಬಿಯರಿನ ವಾಸನೆ. ಬೆಳಿಗ್ಗೆ ಥರ್ಮಾಸ್ ತುಂಬಿಸಿಕೊಂಡು ಅವಳನ್ನು ನಡೆಸಿಕೊಂಡು ದಂಡೆಗೆ ಹೋದೆ. ದೋಣಿಗಳಿಲ್ಲದ ಕಡೆ ಒಂದು ಕಲ್ಲು ಹುಡುಕಿ ಕೂರಿಸಿದೆ. ಶಾಲು ಬಿಚ್ಚಿದಳು.

ಕಣ್ಣುಜ್ಜಿಕೊಂಡು ನೀರು ನೋಡಿದಳು.

"ಇಷ್ಟು ನೀಲಿ ಅಂತ ಯಾರೂ ಯಾಕೆ ಹೇಳ್ಲಿಲ್ಲ?"

"ಎಲ್ಲರೂ ಹೇಳಿದ್ರು."

"ಹೌದಲ್ವಾ."

ಅತ್ತಳು. ನಾನು ಅಳಲಿಲ್ಲ. ಮಾಟೆ ಹಾಕುವುದಿತ್ತು. ಮೊದಲನೆಯ ಕಹಿ ನಾನೇ ಕುಡಿದೆ, ಅದು ಹಾಕಿಕೊಡುವವರ ಪಾಲು. ಎರಡನೆಯದು ಅವಳಿಗೆ. ನನಗೆ. ಅವಳಿಗೆ. ನೀರಿನ ಮೇಲೆ ಒಂದು ಬಿಳಿ ಹಕ್ಕಿ. ಆಲೂಗಡ್ಡೆ ಅಮ್ಮನ ಮಾತು ಬಂತು. ಆ ಹೆಂಗಸು ಆಗ ನಮ್ಮ ಈಗಿನ ವಯಸ್ಸಿನವಳಿರಬೇಕು, ಎಂದಳು. ಇಲ್ಲ, ತುಂಬ ಚಿಕ್ಕವಳು, ನಮಗೆ ಹಾಗೆ ಕಂಡಳು ಅಷ್ಟೇ, ಎಂದೆ. ನಕ್ಕೆವು. ಇನ್ನೊಂದು ಕುಡಿದಳು. ಕೊಳವೆ ಗೊರಗೊರ ಎನ್ನುವ ತನಕ ಎಳೆದಳು. ಬುರುಡೆಯ ಬಾಯನ್ನು ಅಂಗೈಯಿಂದ ಒರೆಸಿ ನನ್ನ ಕಡೆ ಚಾಚಿದಳು. ಆದರೆ ಕೈ ಬಿಡಲಿಲ್ಲ. ಬುರುಡೆಯ ಮೇಲೆ ನನ್ನ ಬೆರಳು, ಅವಳ ಬೆರಳು.

"ಥ್ಯಾಂಕ್ಸ್ ನಿಲ್ಡಾ," ಎಂದಳು.

ಥರ್ಮಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು.

ಉಳಿದದ್ದನ್ನು ಹಾಕಿಕೊಡುವವರೇ ಕುಡಿದು ಮುಗಿಸಬೇಕು. ಒಂದಾದ ಮೇಲೊಂದು ಹಾಕಿಕೊಂಡು ಕುಡಿದೆ. ಸೊಪ್ಪು ಸತ್ತು ಬರೀ ಬಿಸಿನೀರಾಯಿತು. ಆದರೂ ಕುಡಿದೆ.

ಫೆಬ್ರವರಿ 6

ಅವಳು ಮಾತಾಡಿಸಿದಳು. ಹೋಗು, ಸ್ಪೇನಿಗೆ ಹೋಗಿ ಮೊಮ್ಮಕ್ಕಳ ಚಡ್ಡಿ ಒಗಿ ಅಲ್ಲಿ, ಎಂದುಬಿಟ್ಟೆ.

ಫೆಬ್ರವರಿ 8. ಕೊಪಕಬಾನಾ. ಮಧ್ಯಾಹ್ನ

ಅಂಗಳದಲ್ಲಿ ಕುರ್ಚಿ ಹಾಕಿ ಕತ್ತರಿ ಹಿಡಿದು ನಿಂತಿದ್ದಳು. "ಬಾ, ಕೂತ್ಕೋ. ಕಾಗೆ ಗೂಡಾಗಿದೆ ತಲೆ." ಹೋಗಿ ಕೂತೆ. ಇನ್ನೇನು ಮಾಡಲಿ. ನನ್ನ ತಲೆಗೆ ಬೇರೆಯವರ ಕತ್ತರಿ ತಾಗಿಯೇ ಇಲ್ಲ.

ಬೆನ್ನ ಹಿಂದಿನಿಂದ ಮಾತಾಡಿದಳು. ನನಗೆ ತಿರುಗುವ ಹಾಗಿಲ್ಲ.

"ಬೈಕೋ. ಆದ್ರೆ ತಲೆ ಅಲ್ಲಾಡಿಸ್ಬೇಡ, ಕಿವಿ ಹೋಗುತ್ತೆ."

"ಸೇತುವೆ ಮೇಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಇರಲಿಲ್ಲ. ಏನೋ ಒಂದು. ಒರೂರೋ ದಿಬ್ಬದ ಮೇಲೆ ಗೊತ್ತಾಯ್ತು. ಟೋಪಿ ಹಿಡ್ಕೊಂಡು ಬಂದಿದ್ದೆ ನೀನು. ನೆರಳು ಕಂಡ್ತು."

ಕತ್ತರಿಯ ಸದ್ದು. ಹೆಗಲ ಮೇಲೆ ಬೀಳುತ್ತಿದ್ದ ಕೂದಲೆಲ್ಲ ಬಿಳಿ.

"ನನ್ನ ಬಿಟ್ಟು ಹೋಗ್ತಿದೀಯ," ಎಂದೆ. ಹೀಗೆ ನೇರವಾಗಿ ಹೇಳಿ ಅಭ್ಯಾಸವಿಲ್ಲ ನನಗೆ.

"ಹೂಂ. ಹೋಗ್ತಿದೀನಿ." ಮೂಗು ಒರೆಸಿಕೊಂಡದ್ದು ಕೇಳಿತು. "ಮಗು ನನ್ನನ್ನ ಫೋನಲ್ಲಿರೋ ಅಜ್ಜಿ ಅಂತಾನೆ ಕಣೇ. ಫೋನಲ್ಲಿರೋ ಅಜ್ಜಿ. ಅದು ಕೇಳಿಸ್ಕೊಂಡು ನಿನ್ಜೊತೆ ಲಾರಿ ಹತ್ತೋಕೆ ನನ್ಕೈಲಿ ಆಗಲ್ಲ."

ಅಳು ಬಂತು, ಅತ್ತೆ. ತಲೆ ಅಲ್ಲಾಡಿಸದೆ ಅಳುವುದು ಕಷ್ಟ. ಅವಳು ಕತ್ತರಿ ಕೆಳಗಿಟ್ಟು ಹಿಂದಿನಿಂದಲೇ ತಬ್ಬಿಕೊಂಡಳು. ಲಾಡ್ಜಿನ ಬೆಕ್ಕು ಬಂದು ನನ್ನ ಕೂದಲ ಮೇಲೆ ಮಲಗಿತು.

ಆಮೇಲೆ ಒಳಗೆ ಹೋಗಿ ಸ್ವೆಟರಿನಿಂದ ಪೊಟ್ಟಣ ತೆಗೆದು ತಂದು ಅವಳ ಕೈಗಿಟ್ಟೆ. ಸ್ಪೇನಿಗೆ ತಗೊಂಡು ಹೋಗು ಎಂದೆ.

"ಲೇ ಕಳ್ಳಿ! ಇದು ಇತ್ತಾ? ಇಷ್ಟು ದಿನ ಒಣಹುಲ್ಲು ಕುಡಿಸಿದೀಯಲ್ಲೇ ನಂಗೆ!"

ಬೈಯುತ್ತಲೇ ಪೊಟ್ಟಣ ಹರಿದು, ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ಸುರಿದುಕೊಂಡಳು. ಇನ್ನರ್ಧ ನನ್ನ ಕಡೆ ತಳ್ಳಿದಳು. ಜೊತೆಗೆ ಜೇಬಿನಿಂದ ಒಂದು ಚೀಟಿ. ಬಸ್ ಟಿಕೆಟ್. ನಾಳೆ ಬೆಳಿಗ್ಗೆಯದು. ಗಡಿ ದಾಟಿ ಪೆರು, ಕುಸ್ಕೋ ತನಕ. ಒಂದೇ ಸೀಟು.

"ನಂಗ್ಯಾಕೆ ಇದು? ನಾನೊಬ್ಳೇ ಎಲ್ಲಿಗೂ ಹೋಗಿಲ್ಲ."

"ಗೊತ್ತು. ನಾನು ಬಂದು ಗಾಜು ತಟ್ಟೋ ತನಕ ಕಿಂಡಿಯಿಂದ ಎದ್ದೋಳಲ್ಲ ನೀನು. ಇಷ್ಟು ವರ್ಷ ನೀನು ಹೇಳಿದ ಬಸ್ಸೇ ಹತ್ತಿದೀನಿ ಕಡ್ಡಿ. ಸವೆದ ಟೈರು ಅಂದ್ರೂ ನಂಬಿದೀನಿ. ಇದೊಂದ್ಸಲ ನಾನು ಹೇಳಿದ ಬಸ್ ಹತ್ತು."

"ಕಿಟಕಿ ಸೀಟಾ?"

"ಹೂಂ. ಸರೋವರದ ಕಡೆ."

ಫೆಬ್ರವರಿ 9. ಪೆರು ಬಸ್ಸಿನಲ್ಲಿ. ಬೆಳಿಗ್ಗೆ

ಅವಳ ಬಸ್ಸು ಮೊದಲು ಹೊರಟಿತು, ದಕ್ಷಿಣಕ್ಕೆ. ಹೊರಡುವ ಮುಂಚೆ ಟೈರು ನೋಡಿದೆ. ಚೆನ್ನಾಗಿತ್ತು, ಹೇಳಲು ಏನೂ ಸಿಗಲಿಲ್ಲ. ಕಿಟಕಿಯ ಗಾಜನ್ನು ನಾನು ಹೊರಗಿನಿಂದ ತಟ್ಟಿದೆ. ಅವಳು ಒಳಗಿನಿಂದ ತಟ್ಟಿದಳು. ಅಷ್ಟೇ.

ಈಗ ನನ್ನದು. ಸರೋವರದ ಕಡೆಯ ಸೀಟು, ಅವಳು ಹೇಳಿದ ಹಾಗೇ. ಕುತ್ತಿಗೆಗೆ ಗಾಳಿ ಚಳಿ ಅನ್ನಿಸುತ್ತಿದೆ, ತುಂಬ ಮೇಲಕ್ಕೆ ಕತ್ತರಿಸಿಬಿಟ್ಟಿದ್ದಾಳೆ. ಭಯವಾಗುತ್ತಿದೆ. ಇಪ್ಪತ್ತರಲ್ಲಿ ಆಗದಿದ್ದ ಭಯವೆಲ್ಲ ಒಟ್ಟಿಗೆ ಈಗ.

ಗಡಿ ಹತ್ತಿರ ಬಂತಂತೆ. ಇಳಿದು ಮುದ್ರೆ ಹಾಕಿಸಿಕೊಂಡು ನಡೆದು ದಾಟಬೇಕು. ಬಸ್ಸು ಸಾಲಿನಲ್ಲಿ ನಿಂತಿದೆ.

ಪಕ್ಕದಲ್ಲಿ ದುಂಡು ಟೋಪಿಯ ಹೆಂಗಸು, ಮಡಿಲಲ್ಲಿ ಗಂಟು. ನನ್ನ ವಯಸ್ಸೇ ಇರಬಹುದು. ಹುರಿದ ಕಾಳು ಕೊಟ್ಟಳು, ತಿಂದೆ. ಎಷ್ಟೋ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದವಳು ಕೇಳಿದಳು:

"ಒಬ್ರೇನಾ?"

"ಹೂಂ. ಒಬ್ಳೇ."

ಹೇಳಿದ ಮೇಲೆ ಕೈಗೆ ಏನಾದರೂ ಕೆಲಸ ಬೇಕಾಯಿತು. ಥರ್ಮಾಸ್ ತೆಗೆದೆ. ಅಭ್ಯಾಸ, ಇಬ್ಬರಿಗೆ ಆಗುವಷ್ಟು ನೀರು ತುಂಬಿಸಿಕೊಂಡು ಬಂದಿದ್ದೇನೆ. ಮೊದಲನೆಯ ಕಹಿ ನಾನು ಕುಡಿದೆ. ಎರಡನೆಯದನ್ನು ಅವಳ ಕಡೆ ಚಾಚಿದೆ. ಕೊಳವೆಯನ್ನು ಅನುಮಾನದಿಂದ ನೋಡಿ, ಮೆಲ್ಲಗೆ ಎಳೆದಳು. ಮುಖ ಹಿಂಡಿದಳು. ಮತ್ತೆ ಎಳೆದಳು. ಗೊರಗೊರ ಸದ್ದಾಗುವ ತನಕ. ಶಾಲಿನ ತುದಿಯಿಂದ ಒರೆಸಿ ಬುರುಡೆ ವಾಪಸ್ ಕೊಟ್ಟಳು. ಈಗ ಥ್ಯಾಂಕ್ಸ್ ಹೇಳುತ್ತಾಳೆ ಎಂದು ಕಾದೆ.

ಹೇಳಲಿಲ್ಲ. ಕೈ ಇನ್ನೂ ಚಾಚಿಯೇ ಇದೆ. ಪೆನ್ನು ಕೆಳಗಿಡಬೇಕು, ನೀರು ಆರುತ್ತದೆ, ಅವಳಿಗೆ ಇನ್ನೊಂದು ಹಾಕಿ...